ಸೂರ್ಯನೆದುರು ಬಿಚ್ಚಿದ ರೆಕ್ಕೆ

“ಅಮಿತ ಸರ್ ಜೋಡಿ ಬಂದಾರೇನ್ರಿ?”

ಬಾಗಿಲು ತೆರೆದ ಪ್ರಣಿತಾ ಮೊಟ್ಟಮೊದಲು ಕೇಳಿದ್ದು ಇದನ್ನೇ. ಕೇಳುತ್ತ ಕೇಳುತ್ತಲೇ ಈಶ್ವರಿಯ ಹೆಗಲ ಮೇಲಿಂದ ಇಣುಕಿ ಕೆಳಗಿನ ಮೆಟ್ಟಿಲುಗಳ ಕಡೆ ನೋಡಿದಳು.

ಎಷ್ಟು ಆಸೆ ನೋಡು ಇವಳಿಗೆ, ಅಂದುಕೊಂಡಳು ಈಶ್ವರಿ. ಹೆಂಡತಿ ಎದುರಿಗೆ ನಿಂತಿರುವಾಗಲೇ ಗಂಡನನ್ನು ಹುಡುಕುವ ಕಣ್ಣು!

“ಇಲ್ಲ. ನಾ ಒಬ್ಬಾಕಿನೇ ಬಂದೀನಿ. ನಡೀತದಲ್ಲ?”

“ಅಯ್ಯ, ಹಂಗ್ಯಾಕಂತೀರಿ ಅಕ್ಕಾ? ಬರ್ರಿ ಒಳಗ. ಬಿಸಲಾಗ ನಿಂತೀರಿ.”

ಅಕ್ಕ! ವಯಸ್ಸಿನಲ್ಲಿ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಅದನ್ನು ಹೊಸ್ತಿಲಲ್ಲೇ ಡಂಗುರ ಸಾರಬೇಕೆ? ಬೀದರದಿಂದ ಭಾಲ್ಕಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದ ಈಶ್ವರಿಯ ಸೊಂಟ ಹಿಡಿದುಕೊಂಡಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿ ಒಳಗೆ ನಡೆದಳು.

ಸೋಮವಾರ ಮಧ್ಯಾಹ್ನ ಅಷ್ಟೂರ ದಾರಿಯಲ್ಲಿ ಶಾಲಾ ಮಕ್ಕಳಿಗೆ ಸೂರ್ಯನ ವಿಷಯ ತಿಳಿಸಲೆಂದು ಸಿದ್ಧವಾಗುತ್ತಿದ್ದ ‘ಸೂರ್ಯಶಾಲೆ’ಯಲ್ಲಿ ಕಾಶೀರಾಮ ಮಾಸ್ತರರ ತಲೆಗೆ ಹಿಂದಿನಿಂದ ಯಾರೋ ಹೊಡೆದಿದ್ದರು. ಹೊಡೆದದ್ದು ಅವರೇ ಆಸೆಪಟ್ಟು ಮಾಡಿಸಿದ್ದ ಬಿದರಿಯ ಸೂರ್ಯನೌಕೆಯ ಮಾದರಿಯಿಂದ. ಗುರುವಾರ ಬಂದರೂ ಆಸ್ಪತ್ರೆಯಲ್ಲಿ ಮಾಸ್ತರರು ಕಣ್ಣು ತೆರೆದಿರಲಿಲ್ಲ.

ಚೌಬಾರಾದ ಹತ್ತಿರ ಒಂದೇ ಕೋಣೆಯ ಪತ್ತೇದಾರಿ ಕಚೇರಿ ನಡೆಸುವ ಈಶ್ವರಿಯ ಕೈ ಹಿಡಿದು ಅತ್ತವಳು ಮಾಸ್ತರರ ಹೆಂಡತಿ ಕೌಸಲ್ಯಾಬಾಯಿ. ಹಿಂದೆ ಎರಡು ಪ್ರಕರಣಗಳಲ್ಲಿ ಈಶ್ವರಿಯ ಮಾತು ಖರೆಯಾಗಿದ್ದರಿಂದ ಇನ್ಸ್‌ಪೆಕ್ಟರರೂ ಅವಳ ದಾರಿ ಕಾಯುತ್ತಿದ್ದರು. ಇವತ್ತು ಸಂಜೆ ಅವಳು ಯಾರ ಹೆಸರು ಹೇಳುತ್ತಾಳೋ ಅವರು ಒಳಗೆ ಹೋಗುವುದು ಖಂಡಿತ. ಮಾಸ್ತರರು ಉಳಿಯದಿದ್ದರೆ ಆ ಹೆಸರಿನ ಮುಂದೆ ಕೊಲೆ ಎಂದೂ ಬರೆಯುತ್ತಾರೆ.

ಹೆಸರು ಈಶ್ವರಿಯ ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲಿಗೆ ಬಂದದ್ದು ಆ ಹೆಸರಿನವಳ ಮುಖ ಇಳಿಯುವುದನ್ನು ಕಣ್ಣಾರೆ ನೋಡಲಿಕ್ಕೆ.

“ಚುರುಮುರಿ ಸುಸಲಾ ಮಾಡೀನ್ರಿ, ತಿನ್ರಿ. ಚಹಾ ಇಡ್ತೇನಿ.”

“ನಾ ಉಣ್ಣಲಿಕ್ಕ ಬಂದಿಲ್ಲ.”

“ಉಂಡೇ ಮಾತಾಡೋಣ್ರಿ. ಬೈಯೋದಿದ್ರೂ ಹೊಟ್ಟಿ ತುಂಬ್ಸಿಕೊಂಡು ಬೈಬೇಕು.”

ಚಹಾ ಬಂತು. ನಿಂಬೆಹುಲ್ಲಿನ ಘಮ ಮೂಗಿಗೆ ಬಡಿದದ್ದೇ ತಡ, ಈಶ್ವರಿ ಲೋಟ ಕೆಳಗಿಟ್ಟಳು. ಇದೇ ಚಹಾ! ಎರಡು ತಿಂಗಳಿಂದ ಅಮಿತ ಮನೆಯಲ್ಲಿ, ಚಹಾದಾಗ ಹುಲ್ಲು ಯಾಕ ಹಾಕಂಗಿಲ್ಲ, ಅದರ ಮಜಾನೇ ಬ್ಯಾರೆ, ಎಂದು ರಾಗ ಎಳೆಯುತ್ತಿದ್ದ.

“ಈ ಚಹಾ ಯಾರ್ಯಾರಿಗಿ ಕುಡಸೀರಿ?”

ಪ್ರಣಿತಾ ಕನ್ನಡಕದ ಒಳಗಿಂದ ಮಿಕಿಮಿಕಿ ನೋಡಿದಳು. “ಕೌಸಲ್ಯಾ ಆಯಿ ಕಲಸಿದ್ದ್ರಿ ಇದು. ಸೂರ್ಯಶಾಲಿಗೆ ದಿನಾ ಕಿಟ್ಲಿ ತುಂಬಿ ಕಳಸ್ತಿದ್ರು. ಬಂದವ್ರೆಲ್ಲಾ ಕುಡೀತಿದ್ವಿ.”

ಉತ್ತರ ಚೊಕ್ಕವಾಗಿತ್ತು. ಚೊಕ್ಕ ಉತ್ತರಗಳೆಂದರೆ ಈಶ್ವರಿಗೆ ಮೊದಲಿಂದಲೂ ಆಗದು.

ಮದುವೆಯಾದ ಹೊಸದರಲ್ಲಿ ಅಮಿತಕುಮಾರ ಮಾಳಿಗೆಯ ಮೇಲೆ ಕುಳಿತು ಅವಳೊಬ್ಬಳಿಗೇ ಕಥೆ ಹೇಳುತ್ತಿದ್ದ. ಎಲ್ಲ ಸೂರ್ಯನ ಕಡೆ ಹೊರಟ ನೌಕೆಗಳ ಕಥೆಗಳೇ. ಒಂದು ಗಾಜಿನ ನೌಕೆ, ಒಂದು ಮಂಜುಗಡ್ಡೆಯದು, ಇನ್ನೊಂದರಲ್ಲಿ ಒಳಗಿದ್ದವರು ಹಾಡುತ್ತ ಹಾಡುತ್ತ ಬೆಳಕಾಗಿಬಿಡುವರು. ಅವು ಪತ್ರಿಕೆಯಲ್ಲಿ ಬಂದವು, ಬೀದರದಲ್ಲಿ ಅವನಿಗೆ ಹೆಸರಾಯಿತು. ಆಮೇಲೆ ಭಾಲ್ಕಿ ಕಾಲೇಜಿನ ಈ ಭೌತಶಾಸ್ತ್ರದ ಅಧ್ಯಾಪಕಿ ಸೂರ್ಯಶಾಲೆಗೆ ಬಂದಳು. ಅಂದಿನಿಂದ ಕಥೆಗಳು ನಿಂತು ಅಮಿತನ ಬಾಯಲ್ಲಿ ಅವಳ ಮಾತೇ ಶುರುವಾಯಿತು. ಸೂರ್ಯನ ಮಡಿಲಿಗೆ ಸುಮ್ನ ಬೀಳ್ಲಿಕ್ಕ ಆಗಂಗಿಲ್ಲಂತ, ಶುಕ್ರನ ಮಗ್ಗಲ ಹಾಯ್ದು ಹಾಯ್ದು ವೇಗ ಕಳಕೋಬೇಕಂತ, ಪ್ರಣಿತಾ ಹೇಳ್ಯಾಳ. ಊಟಕ್ಕೆ ಕುಳಿತರೆ ಪ್ರಣಿತಾ ಹೇಳ್ಯಾಳ, ಹಾಸಿಗೆ ಕೊಡವಿದರೆ ಪ್ರಣಿತಾ ಹೇಳ್ಯಾಳ. ಸಂಜೆಯಾದರೆ ಮಾಳಿಗೆಯ ಮೂಲೆಯಲ್ಲಿ ಫೋನು ಕಿವಿಗಿಟ್ಟು, ಒಂದು ಮಾತೂ ಆಡದೆ, ಕೇಳುತ್ತ ನಿಂತಿರುವುದು. ಪರದೆಯ ಮೇಲೆ ಅವಳದೇ ಹೆಸರು.

ಕೊನೆಗೆ ಮಂಗಳವಾರ ಬೆಳಿಗ್ಗೆ ಬಟ್ಟೆ ನೆನೆಹಾಕುವಾಗ ಸಿಕ್ಕಿತ್ತು: ಅಮಿತನ ಬಿಳಿ ಅಂಗಿಯ ತೋಳಿನಂಚಿಗೆ ಜಿಡ್ಡುಜಿಡ್ಡಾದ ಕಪ್ಪು. ಎಷ್ಟು ಸಾಬೂನು ತಿಕ್ಕಿದರೂ ಹೋಗದ ಕಾಡಿಗೆ. ಯಾರೋ ಅತ್ತಿದ್ದಾರೆ, ಇವನು ತೋಳಿನಿಂದ ಒರೆಸಿದ್ದಾನೆ. ಆ ಅಂಗಿಯನ್ನು ಈಶ್ವರಿ ಒಣಗಿಸದೆ ಹಾಗೆಯೇ ಬಕೆಟ್ಟಿನಲ್ಲಿ ಬಿಟ್ಟಿದ್ದಳು.

“ಸೋಮವಾರ ನೀವು ಸೂರ್ಯಶಾಲಿಗೆ ಹೋಗಿದ್ರಿ,” ಎಂದಳು ಈಗ. “ಕಾವಲುಗಾರ ಕೈಲಾಶ ಊಟಕ್ಕ ಹೊರಟಾಗ ನಿಮ್ಮ ಸ್ಕೂಟಿ ಗೇಟಿನಾಗ ಇತ್ತು.”

“ಹೌದ್ರಿ, ಹೋಗಿದ್ದೆ. ಬಲ್ಬ್ ಹಚ್ಚಿ ನೋಡಿದೆ, ಹಳಿ ಸರಿ ಅದನೋ ಇಲ್ಲೋ ನೋಡಿದೆ, ಮಧ್ಯಾಹ್ನದ ಕ್ಲಾಸಿತ್ತು, ತಿರುಗಿ ಬಂದೆ. ಪೊಲೀಸರಿಗೂ ಇದೇ ಹೇಳೀನಿ.”

“ಮಾಸ್ತರ್ರು ನಿಮ್ಮನ್ನ ಬೈದ್ರು. ಲಗ್ನಾದ ಗಂಡಸಿನ ಜೋಡಿ ಸಲಗಿ ಬಿಡು ಅಂದ್ರು. ನಿಮಗ ಸಿಟ್ಟು ಬಂತು.”

“ಯಾರ ಜೋಡಿರಿ?”

ಆ ಹೆಸರನ್ನು ಈಶ್ವರಿ ಹೇಳಲಿಲ್ಲ. ಅದರ ಬದಲು ಫೋನು ತೆಗೆದು, ಪೊಲೀಸರಿಂದ ಪಡೆದ ಫೋಟೋ ತೆರೆದು, ಅವಳ ಮುಖಕ್ಕೆ ಹಿಡಿದಳು. ಇದು ಅವಳ ಹಳೆಯ ಪಟ್ಟು. ತಪ್ಪು ಮಾಡಿದವರ ಕಣ್ಣು ಮೊದಲು ರಕ್ತದ ಮೇಲೆ ಬೀಳುತ್ತದೆ, ಆಮೇಲೆ ಚಟ್ಟನೆ ಬೇರೆಡೆಗೆ ಸರಿಯುತ್ತದೆ.

ಫೋಟೋದಲ್ಲಿ ಸೂರ್ಯಶಾಲೆಯ ನಡುಮನೆ. ನೌಕೆ ಸೂರ್ಯನನ್ನು ಸುತ್ತುವ ದಾರಿಯೆಂದು ಹಾಕಿದ ಮೊಟ್ಟೆಯ ಆಕಾರದ ಕಬ್ಬಿಣದ ಹಳಿ. ಅದರ ಒಂದು ತುದಿಗೆ ಸೂರ್ಯನೆಂದು ಇಟ್ಟ ದೊಡ್ಡ ದೀಪ. ದೀಪದ ಬುಡದಲ್ಲಿ ಮಾಸ್ತರರು ಬಿದ್ದಿದ್ದ ಜಾಗದ ಗುರುತು. ದೀಪಕ್ಕೆ ತೀರ ಹತ್ತಿರ, ಹಳಿಯ ಮೇಲೆ, ಬಿದರಿಯ ನೌಕೆ: ಕೊಡದಷ್ಟು ದೊಡ್ಡದು, ಕಪ್ಪು ಮೈ, ಚಾಚಿದ ರೆಕ್ಕೆಗಳು, ಬೆಳ್ಳಿಯ ಎಳೆಗಳು, ಬಾಲದಂಚಿಗೆ ರಕ್ತದ ಕಲೆ.

ಪ್ರಣಿತಾ ರಕ್ತವನ್ನು ನೋಡಲೇ ಇಲ್ಲ.

“ಅಯ್ಯಯ್ಯ, ರೆಕ್ಕಿ ಯಾರು ಬಿಚ್ಚಿ ಬಿಟ್ಟಾರ್ರಿ ಇಷ್ಟು ಹಂತೇಲಿ? ಸುಟ್ಟು ಹೋಗಂಗಿಲ್ಲೇನು!” ಎಂದವಳೇ ಎರಡು ಬೆರಳು ಚಾಚಿದಳು. ಫೋಟೋದಲ್ಲಿನ ರೆಕ್ಕೆಯನ್ನು ಮಡಚಲು ಹೊರಟಿದ್ದ ಬೆರಳು ಗಾಜಿಗೆ ತಾಗಿ ಚಿತ್ರ ದೊಡ್ಡದಾಯಿತು. ಅವಳಿಗೇ ನಾಚಿಕೆಯಾಗಿ ಕೈ ಹಿಂದೆಗೆದಳು.

ಈಶ್ವರಿ ಫೋನನ್ನು ಇಬ್ಬರ ನಡುವೆ ಕೆಳಗಿಟ್ಟಳು. ಇಷ್ಟು ವರ್ಷ ಜನರ ಮುಖ ನೋಡಿ ಅನ್ನ ತಿಂದವಳು ಅವಳು. ಇಂಥದ್ದನ್ನು ನಟಿಸಲು ಬರುವುದಿಲ್ಲ.

“ರೆಕ್ಕಿ ಬಿಚ್ಚಿದ್ರ ಏನಾತೀಗ?” ಕೇಳಿದಳು, ಧ್ವನಿ ಗಡುಸು ಮಾಡಿಕೊಂಡು.

ಪ್ರಣಿತಾ ಸುಸಲಾದ ತಾಟನ್ನು ಎತ್ತಿ ಕಿಟಕಿಯ ಬಿಸಿಲಿಗೆ ಅಡ್ಡ ಹಿಡಿದಳು. ತಾಟಿನ ನೆರಳು ಅವಳ ಎದೆಯ ಮೇಲೆ ಬಿತ್ತು.

“ನೋಡ್ರಿ ಅಕ್ಕಾ. ಇದು ಢಾಲು. ಸೂರ್ಯನ ಸಮೀಪ ಹೋಗೋ ನೌಕಿ ಇದನ್ನ ಮುಂದ ಹಿಡೀತದ. ಉಳದದ್ದೆಲ್ಲಾ ಇದರ ನೆರಳಾಗ ಅಡಗಿ ಕುಂದರ್ತದ. ರೆಕ್ಕಿ ಅಂದ್ರ ಬಿಸಲಿನಾಗ ಕರೆಂಟ್ ಮಾಡೋ ಫಲಕ. ದೂರ ಇದ್ದಾಗ ಬಿಚ್ಚಬೇಕು, ಹಂತೇಲಿ ಬಂದಂಗ ಮಡಚಿ ನೆರಳಿಗಿ ಎಳಕೋಬೇಕು. ಅಮೇರಿಕಾದವರ ನೌಕಿ ಅರವತ್ತು ಲಕ್ಷ ಕಿಲೋಮೀಟರಿನ ತನಕ ಹೋಗಿ ಬಂತು, ಹಿಂಗೇ ಮೈ ಮುದುಡಿಕೊಂಡು.”

“ಅರವತ್ತು ಲಕ್ಷ ಕಿಲೋಮೀಟರು ನಿಮಗ ಸಮೀಪೇನು?”

“ಸೂರ್ಯನ ಲೆಕ್ಕದಾಗ ಒಲಿ ಬಾಯಾಗ ಕುಂತಂಗ್ರಿ. ನಮ್ಮ ಆದಿತ್ಯ ನೌಕಿ ಭೂಮಿ ಅಂಗಳದಾಗೇ ನಿಂತು ನೋಡ್ತದ. ಜನ ಅದೂ ಸೂರ್ಯನ ಮನಿಗೇ ಹೋಗ್ಯಾದ ಅಂತ ತಿಳಕೊಂಡಾರ.” ತಾಟು ಕೆಳಗಿಟ್ಟಳು. “ಸೋಮವಾರ ಮುಂಜಾನಿ ಬಿದರಿ ಕೆಲಸದ ಶಾಕಿರಾ ಆಪಾ ನೌಕಿ ತಂದು ಹಳಿ ಮ್ಯಾಲ ಅತ್ತಾಗಿನ ತುದಿಗೆ ಇಟ್ಟಿದ್ರು, ರೆಕ್ಕಿ ಬಿಚ್ಚಿ. ಅಲ್ಲಿ ಅದು ಸರಿ. ಈ ತುದಿಗೆ ತಂದ್ರ ಕಾಶೀರಾಮ ಸರ್ ಆಗ್ಲಿ ನಾ ಆಗ್ಲಿ ಮಡಚದ ಬಿಡ್ತಿದ್ದಿಲ್ಲ. ಕೈಗೇ ರೂಢಿ ಆಗ್ಯಾದ. ಯಾರೋ ತಿಳೀದವರು...”

ದೊಡ್ಡದಾದ ಚಿತ್ರದ ಮೇಲೆ ಅವಳ ಕಣ್ಣು ಮತ್ತೆ ಹೋಗಿತ್ತು. ಈ ಸಲ ಬಹಳ ಹೊತ್ತು ನೋಡಿದಳು. ಮುಖದ ಬಣ್ಣ ಇಳಿಯಿತು.

ಈ ಇಳಿದ ಮುಖವನ್ನು ನೋಡಲೆಂದೇ ಈಶ್ವರಿ ಬಂದದ್ದು. ಆದರೆ ಅದು ತನ್ನನ್ನು ಕಂಡು ಮರುಗುತ್ತಿರುವ ಹಾಗೆ ಏಕೆ ಕಾಣುತ್ತಿದೆ?

“ಏನ್ ಕಂಡ್ರಿ?”

“ಏನಿಲ್ರಿ.”

“ಹೇಳ್ರಿ.”

“ಬ್ಯಾಡ್ರಿ ಅಕ್ಕಾ.”

ಈಶ್ವರಿ ಫೋನು ಎತ್ತಿಕೊಂಡು ತಾನೇ ನೋಡಿದಳು. ದಿನಕ್ಕೆ ಹತ್ತು ಸಲ ನೋಡಿದ ಚಿತ್ರ. ರಕ್ತ ನೋಡಿದ್ದಳು, ಬೆರಳಿನ ಗುರುತಿಗಾಗಿ ನೋಡಿದ್ದಳು. ನೌಕೆ ಯಾವ ಕಡೆ ಮುಖ ಮಾಡಿ ನಿಂತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಬೆಳ್ಳಿಯ ಢಾಲು ಹಿಂದಕ್ಕೆ ತಿರುಗಿತ್ತು. ದೀಪಕ್ಕೆ ಎದೆ ಕೊಟ್ಟು, ಎರಡೂ ರೆಕ್ಕೆಗಳನ್ನು ಅಗಲಕ್ಕೆ ಚಾಚಿ, ತವರಿಗೆ ಬಂದ ಮಗಳನ್ನು ಅಪ್ಪಿಕೊಳ್ಳಲು ನಿಂತ ತಾಯಿಯ ಹಾಗೆ ನಿಂತಿತ್ತು ನೌಕೆ.

ಮಾಳಿಗೆ. ಬೇಸಿಗೆಯ ಸಂಜೆ. ಅಮಿತನ ತಲೆ ಅವಳ ತೊಡೆಯ ಮೇಲೆ. ‘ಕಡೀಕ ಆಕಿ ಢಾಲು ಬೆನ್ನಿಗಿ ಹಾಕ್ಕೋತಾಳ ಈಶೂ. ರೆಕ್ಕಿ ಬಿಚ್ಚಿ ಸೂರ್ಯನ್ನ ಅಪ್ಪಿಕೋತಾಳ.’ ಎಲ್ಲರಿಗಿಂತ ಮೊದಲು ಆ ಕಥೆ ಕೇಳಿದವಳು ತಾನು. ಅದನ್ನು ಎಷ್ಟು ಹೆಮ್ಮೆಯಿಂದ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು!

ದಾರಿಹೋಕನೊಬ್ಬ ಗೊತ್ತಿಲ್ಲದೆ ರೆಕ್ಕೆ ಬಿಚ್ಚಿದ್ದಂತೆಯೇ ಬಿಡಬಹುದು. ಭಾರದ ನೌಕೆಯನ್ನು ಈ ತುದಿಗೆ ತಂದು, ಢಾಲನ್ನು ಬೆನ್ನಿಗೆ ತಿರುಗಿಸಿ ನಿಲ್ಲಿಸಬೇಕಾದರೆ ಆ ಕಥೆ ಗೊತ್ತಿರಬೇಕು.

“ನಿಮಗೂ ಗೊತ್ತದ ಆ ಕಥಿ!” ಈಶ್ವರಿಯ ಧ್ವನಿ ಸೀಳಿತು. “ಅವರ ಮ್ಯಾಲ ಬರಲಿ ಅಂತ ನೀವೇ ಹಂಗ ನಿಲ್ಲಸೀರಿ. ಅವರ ಜೋಡಿ ಓಡಾಡೋದು, ದಿನಾ ಸಂಜಿಕ ತಾಸುಗಟ್ಲೆ ಫೋನು, ಮತ್ತ ಈಗ ಅವರಿಗೇ ಗುಂಡಿ ತೋಡೋದು!”

“ಫೋನಾ?” ಪ್ರಣಿತಾ ಎದ್ದು ನಿಂತಳು. ಮೊದಲ ಬಾರಿಗೆ ಅವಳಿಗೆ ಸಿಟ್ಟು ಬಂದಿತ್ತು. “ಅವರ ಫೋನ್ ನಾ ಎತ್ತಂಗೇ ಇಲ್ರಿ! ಎತ್ತಿದ್ರ ಬೈಗಳ, ಎತ್ತದಿದ್ರ ಹೊಡೀತಾನೇ ಇರ್ತಾರ. ಬಾಗಲಾ ತೆಗದಾಗ ಮೆಟ್ಟಲಾ ಯಾಕ ನೋಡ್ದೆ ಅಂತೀರಿ? ಅವರೂ ಬಂದಾರೇನೋ ಅಂತ ಎದಿ ಧಸಕ್ಕಂದಿತ್ತು.”

“ಯಾಕ ಬೈತಾರ?” ಎಂದಳು ಈಶ್ವರಿ.

“ಸೂರ್ಯಶಾಲಿ ಚಾಲೂ ಆಗೋ ದಿವಸ ಅವರ ಕಥಿ ಓದ್ಸೋದಂತ ಇತ್ರಿ. ಸಾಲಿ ಮಕ್ಕಳೆಲ್ಲಾ ಬರೋರು. ಕಾಶೀರಾಮ ಸರ್ ಕಥಿ ಕೇಳಿ, ನಡುವೇ ನಿಂದ್ರಿಸಿ, ‘ಅಮಿತ, ಮಕ್ಕಳು ಮೊದಲು ಖರೆ ತಿಳಕೊಳ್ಳಿ, ಢಾಲು ಯಾಕ ಬೇಕು ತಿಳಕೊಳ್ಳಿ, ನಿನ್ನ ಕಥಿ ಆಮ್ಯಾಲ’ ಅಂದ್ರು. ನನಗ ಮಾತಾಡು ಅಂದ್ರು. ಅವತ್ತಿನಿಂದ ಶುರು. ‘ನನ್ನ ಸೂರ್ಯನ್ನ ಕಸಗೊಂಡಿ ನೀ’ ಅಂತಾರ. ಕಥಿ ಚಲೋ ಅದರಿ, ನನಗೂ ಅಳು ಬಂದಿತ್ತು, ಅಂತ ಕೈ ಮುಗದು ಹೇಳೀನಿ. ಕೇಳವಲ್ರು.”

ಹೊಟ್ಟೆಕಿಚ್ಚು ಮನೆಯಲ್ಲಿ ಎರಡು ಒಲೆ ಹೂಡಿತ್ತು. ಈಶ್ವರಿ ತನ್ನ ಒಲೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ಕುಳಿತವಳು, ಪಕ್ಕದ ಒಲೆಯ ಉರಿಯನ್ನು ಪ್ರೀತಿ ಎಂದು ತಿಳಿದಿದ್ದಳು. ಮಾಳಿಗೆಯ ಮೂಲೆಯಲ್ಲಿ ಅವನು ಕೇಳುತ್ತ ನಿಂತಿರುತ್ತಿದ್ದದ್ದು ಯಾರೂ ಎತ್ತದ ಫೋನಿನ ಗಂಟೆಯನ್ನು.

“ಸೋಮವಾರ ಅವರು ಬೀದರದಾಗೇ ಇದ್ದಿಲ್ಲ,” ಎಂದಳು ಕೊನೆಗೆ. “ಔರಾದಕ್ಕ ಹೋಗಿದ್ರು. ವಾಚನಾಲಯದಾಗ ಭಾಷಣ ಇತ್ತು, ಕೇಳಿ ಬಂದೆ ಅಂದ್ರು. ಭಾಳ ಚಲೋ ಆತು ಅಂದ್ರು.”

ಪ್ರಣಿತಾಳ ಧ್ವನಿ ಬಹಳ ಮೆತ್ತಗಾಯಿತು.

“ಅಕ್ಕಾ, ಆ ಭಾಷಣ ನಂದೇ ಇತ್ತ್ರಿ. ನಮ್ಮ ತವರು ಚಿಂತಾಕಿ, ಔರಾದದವರು ನಮ್ಮೂರ ಹುಡುಗಿ ಅಂತ ಕರದಿದ್ರು. ಸೂರ್ಯಶಾಲಿ ಕೆಲಸ ಉಳದದ ಅಂತ ನಾನೇ ಫೋನ್ ಮಾಡಿ ಮುಂದಿನ ವಾರಕ್ಕ ಹಾಕ್ಸೀನಿ. ಸೋಮವಾರ ಅಲ್ಲಿ ಭಾಷಣಾನೇ ಆಗಿಲ್ಲ.”

ಹೊರಗೆ ಯಾರೋ ತರಕಾರಿ ಗಾಡಿಯವನು ಕೂಗುತ್ತ ಹೋದ. ಈಶ್ವರಿಗೆ ಇನ್ನೊಂದೇ ಒಂದು ದಾರಿ ಉಳಿದಿತ್ತು. ಬೆಳಿಗ್ಗೆಯವರೆಗೆ ಯಾವುದನ್ನು ನೆನೆದು ಹಲ್ಲು ಕಡಿಯುತ್ತಿದ್ದಳೋ ಅದನ್ನೇ ಈಗ ಗಟ್ಟಿಯಾಗಿ ಹಿಡಿದುಕೊಂಡಳು. ಕಾಡಿಗೆಯೇ ಆಗಿರಲಿ. ಬಸವಣ್ಣಾ, ಇವಳ ಕಣ್ಣಿನ ಕಾಡಿಗೆಯೇ ಆಗಿರಲಿ. ಸೋಮವಾರ ಅವರಿಬ್ಬರೂ ಎಲ್ಲೋ ಕೂಡಿದ್ದರು ಎಂದಾದರೂ ಆಗಲಿ, ನಾನು ಅತ್ತು ಬಾಳುತ್ತೇನೆ.

“ನೀವು... ಕನ್ನಡಕ ತೆಗೀರಿ ಜರಾ.”

ಅರ್ಥವಾಗದೆ ಪ್ರಣಿತಾ ತೆಗೆದಳು. ಬರಿಗಣ್ಣು. ರೆಪ್ಪೆಯಂಚಿನಲ್ಲಿ ಒಂದು ಗೆರೆಯೂ ಇಲ್ಲ.

“ಕಾಡಿಗಿ ಹಚ್ಚಂಗಿಲ್ಲೇನು?”

“ಸಣ್ಣಾಕಿದ್ದಾಗಿಂದ ಆಗಂಗಿಲ್ರಿ. ಹಚ್ಚಿದ್ರ ಕಣ್ಣು ಬಾತು ಮುಚ್ಚಿ ಹೋಗ್ತಾವ. ಯಾಕ್ರಿ?”

ಈಶ್ವರಿ ಶಾಕಿರಾ ಬೇಗಂಗೆ ಫೋನು ಹಚ್ಚಿದಳು. ನೌಕೆಯನ್ನು ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡಿದವಳು ಅವಳು. ಆ ಕಡೆ ಸುತ್ತಿಗೆಯ ಟಕಟಕ ಕೇಳಿಸುತ್ತಿತ್ತು.

“ಆಪಾ, ಒಂದು ಮಾತು. ಸೋಮವಾರ ಆ ನೌಕಿ ಮುಟ್ಟಿದ್ರ ಕೈಗಿ ಏನರ ಹತ್ತತಿತ್ತೇನ್ರಿ?”

“ಅರೇ ಬೇಟಿ, ಹತ್ತಂಗಿಲ್ಲೇನು? ಆವತ್ತೇ ಮುಂಜಾನಿ ಎಣ್ಣಿ ತಿಕ್ಕಿ ತಂದಿದ್ದೆ. ಹಸೀ ಕರಿ. ಎರಡು ದಿನಾ ಯಾರೂ ಹಾಥ್ ನಕೋ ಲಗಾವ್, ಮುಟ್ಟಬ್ಯಾಡ್ರಿ ಅಂತ ಮಾಸ್ತರ್ ಸಾಬಿಗಿ, ಆ ಮೇಡಂಗ, ಇಬ್ಬರಿಗೂ ಖಡಕ್ ಹೇಳೀನಿ. ಬಟ್ಟಿಗಿ ಹತ್ತಿದ್ರ ಹೋಗಂಗಿಲ್ಲ. ಸಾಬೂನ್ ಹಚ್ಚಿದಷ್ಟೂ ಅಗಲ ಆಗ್ತದ. ಯಾಕ, ಯಾರ ಬಟ್ಟಿಗಿ ಹತ್ಯಾದ?”

“ಯಾರಿಗೂ ಇಲ್ಲ ಆಪಾ,” ಎಂದಳು ಈಶ್ವರಿ. ಪತ್ತೇದಾರಿಕೆಗೆ 
ಇಳಿದ ಮೇಲೆ ಅವಳು ಸಾಕ್ಷಿಯೊಬ್ಬರಿಗೆ ಹೇಳಿದ ಮೊದಲ ಸುಳ್ಳು ಅದು.

ಪ್ರಣಿತಾ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟಳು. ಸಂಜೆ ಹೇಳಬೇಕಾದ ಹೆಸರು ಬದಲಾಗಿತ್ತು. ಹೇಳಿದರೆ ತನ್ನ ಮನೆ ಹೋಗುತ್ತದೆ. ಹೇಳದಿದ್ದರೆ ಈ ನೀರು ಕೊಟ್ಟ ಕೈಗೆ ಬೇಡಿ ಬೀಳುತ್ತದೆ.

ಆಗ ಈಶ್ವರಿಯ ಫೋನು ಹೊಡೆದುಕೊಂಡಿತು. ಕೌಸಲ್ಯಾಬಾಯಿ.

“ಈಶ್ವರೀ, ಯವ್ವಾ, ನಮ್ಮ ಮನಿಯವರು ಕಣ್ಣ ಬಿಟ್ರು!” ಮುದುಕಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. “ಏನೋ ಹೇಳಬೇಕಂತ ತುಟಿ ಅಲಗಸ್ತಾರ, ಮಾತು ಹೊರಗ ಬರವಲ್ದು.”

“ನೀವು ಅವರ ಹಂತೇಲೇ ಇದ್ದೀರಿಲ್ಲೋ ಆಯಿ?”

“ಇಲ್ಲವ್ವಾ, ಕೆಳಗ ಚಹಾದ ಅಂಗಡ್ಯಾಗ ಇದ್ದೀನಿ. ನಿಮ್ಮ ಮನಿಯವರು ಬಂದಾರಲ್ಲ. ಎಷ್ಟು ಚಲೋ ಮನಶಾ ಅವ್ವಾ! ‘ನೀವು ಮುಂಜಾನಿಂದ ಏನೂ ತಿಂದಿಲ್ಲ, ಹೋಗಿ ಬರ್ರಿ, ನಾ ಕುಂದರ್ತೇನಿ’ ಅಂದ್ರು.”

ಈಶ್ವರಿ ನೀರಿನ ಲೋಟ ಕೆಳಗಿಟ್ಟಳು.

“ಆಯಿ, ಚಹಾ ಬಿಡ್ರಿ. ಮ್ಯಾಲ ಹೋಗ್ರಿ. ಈಗಿಂದೀಗ!”

“ಯಾಕವ್ವಾ, ಏನಾತು?”

ಎದುರಿಗೆ ಪ್ರಣಿತಾ ನಿಂತಿದ್ದಳು, ಎಲ್ಲವನ್ನೂ ಕೇಳುತ್ತಿದ್ದಳು. ಈಶ್ವರಿ ಕಣ್ಣು ಮುಚ್ಚಿ ಹೇಳಿದಳು: “ನನ್ನ ಗಂಡನ ಕೈಯಾಗ ಮಾಸ್ತರ್ರನ್ನ ಬಿಡಬ್ಯಾಡ್ರಿ ಆಯಿ. ಓಡ್ರಿ. ನರ್ಸಿಗಿ ಕೂಗ್ರಿ!”

ಆ ಕಡೆಯಿಂದ ಚಪ್ಪಲಿಯ ಸಪ್ಪಳ ಬಂತು, ಮೆಟ್ಟಿಲು ಹತ್ತುವ ಏದುಸಿರು ಬಂತು. ಆಮೇಲೆ ಸಪ್ಪಳ ನಿಂತಿತು.

“ಅರೇ, ಬಾಗಲಾ ಒಳಗಿಂದ ಹಾಕ್ಯಾರಲ್ಲ!”

ದಬದಬ ಬಡಿದ ಸದ್ದು. ಒಮ್ಮೆ, ಮತ್ತೊಮ್ಮೆ. ಅದರ ನಡುವೆ, ಬಾಗಿಲ ಹಿಂದಿನಿಂದ, ಮಾಳಿಗೆಯ ಸಂಜೆಗಳಲ್ಲಿ ಅವಳು ಕಿವಿಗೊಟ್ಟು ಕೇಳುತ್ತಿದ್ದ ಅದೇ ಮೆತ್ತನೆಯ ಧ್ವನಿ:

“ಜರಾ ತಡೀರಿ ಆಯಿ. ಮಾಸ್ತರ್ರಿಗೆ ನನ್ನ ಕಥಿ ಹೇಳ್ಲಿಕತ್ತೀನಿ. ಕಡೀ ಭಾಗ ಒಂದೀಟು ಉಳದದ. ಈ ಸಲ ಅವರು ನಡುವ ಬಾಯಿ ಹಾಕಂಗಿಲ್ಲ.”